ಟೆರೇಸ್ ಪ್ರೆಶರ್ ಪಂಪ್: ಯಾವ ಮನೆಗೆ ಸೈ, ಯಾವ ಮನೆಗೆ ದಂಡ

ಬೆಂಗಳೂರಿನ ಮನೆಗಳಲ್ಲಿ ಒಂದು ವಿಚಿತ್ರವಿದೆ. ಟ್ಯಾಂಕಿಗೆ ಯಾರು ಹತ್ತಿರವೋ ಅವರ ನಲ್ಲಿಯಲ್ಲೇ ಫೋರ್ಸ್ ಕಡಿಮೆ. ನೆಲಮಹಡಿಯ ಬಾಡಿಗೆ ಮನೆಯಲ್ಲಿ ಬಕೆಟ್ ಒಂದು ನಿಮಿಷಕ್ಕೆ ತುಂಬಿದರೆ, ಟೆರೇಸಿನ ನೇರ ಕೆಳಗಿರುವ ಓನರ್ ಮನೆಯ ಶವರಿನಲ್ಲಿ ನೀರು ಎಳೆ ಎಳೆಯಾಗಿ ಇಳಿಯುತ್ತದೆ. ಇದಕ್ಕೆ ಅಂಗಡಿಯವರು ಹೇಳುವ ಮದ್ದು ಒಂದೇ, ಟ್ಯಾಂಕಿನಿಂದ ಇಳಿಯುವ ನೀರನ್ನು ಒತ್ತಿ ತಳ್ಳುವ ಪ್ರೆಶರ್ ಪಂಪ್. ಹಾರ್ಡ್‌ವೇರ್ ಅಂಗಡಿಗಳ ಎಸ್‌ಜೆಪಿ ರಸ್ತೆಯಲ್ಲಿ ವಿಚಾರಿಸಿದರೂ ಅಷ್ಟೇ, ಆನ್‌ಲೈನ್ ಹುಡುಕಿದರೂ ಅಷ್ಟೇ. ಗ್ರುಂಡ್‌ಫೋಸ್, ಕಿರ್ಲೋಸ್ಕರ್, ಕ್ರಾಂಪ್ಟನ್, ಸಿಆರ್‌ಐ, ವಿ-ಗಾರ್ಡ್ ಹೀಗೆ ಹೆಸರು ಹಲವು. ಆದರೆ ಒಳಗಿನ ಜಾತಿ ಮೂರೇ. ಆದ್ದರಿಂದ ಇಲ್ಲಿ ತೂಗಿ ನೋಡಿರುವುದು ಕಂಪನಿಗಳನ್ನಲ್ಲ, ಆ ಮೂರು ಜಾತಿಗಳನ್ನು.

ತೀರ್ಪು ಮೊದಲೇ ಹೇಳಿಬಿಡುವುದಾದರೆ: ಮೇಲ್ಮಹಡಿಯ ಒಂದೆರಡು ಬಾತ್‌ರೂಮಿಗೆ 100ರಿಂದ 150 ವಾಟಿನ ಸಣ್ಣ ಇನ್‌ಲೈನ್ ಪಂಪ್ ಧಾರಾಳವಾಗಿ ಸಾಕು. ಮೂರ್ನಾಲ್ಕು ಬಾತ್‌ರೂಮಿನ ಡೂಪ್ಲೆಕ್ಸಿಗೆ ವೇಗ ತಾನೇ ಹೊಂದಿಸಿಕೊಳ್ಳುವ ಪಂಪ್ ದುಬಾರಿಯಾದರೂ ಸರಿಯಾದದ್ದು. ನಡುವಿನ ಅರ್ಧ ಎಚ್‌ಪಿ ಮಾನೋಬ್ಲಾಕ್ (ಮೋಟಾರ್, ಪಂಪ್ ಒಂದೇ ತುಂಡಾಗಿರುವುದು) ಮತ್ತು ಒತ್ತಡ ನೋಡಿ ಅದನ್ನು ಹೊತ್ತಿಸಿ ಆರಿಸುವ ಪ್ರೆಶರ್ ಸ್ವಿಚ್ಚಿನ ಜೋಡಿಯೇ ಅಗ್ಗಕ್ಕೆ ಸಿಕ್ಕಿ ಹೆಚ್ಚು ಕಾಟ ಕೊಡುವುದು. ಇನ್ನು ಪಂಪ್ ಕೊಳ್ಳಲು ಹೊರಟ ಎಷ್ಟೋ ಮನೆಗಳಿಗೆ ಪಂಪೇ ಬೇಕಿರುವುದಿಲ್ಲ.

ಅಳೆಯದೆ ಕೊಳ್ಳಬೇಡಿ

ಫೋರ್ಸ್ ಇಲ್ಲ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಕಾಯಿಲೆಗಳಿವೆ. ಒಂದು, ಎತ್ತರ ಸಾಲದೆ ಒತ್ತಡವೇ ಇಲ್ಲದಿರುವುದು. ಇನ್ನೊಂದು, ಒತ್ತಡವಿದ್ದೂ ಪೈಪಿನ ದಾರಿ ಕಟ್ಟಿಕೊಂಡು ಹರಿವು ಇಲ್ಲದಿರುವುದು. ಎರಡನೆಯದಕ್ಕೆ ಪಂಪ್ ತಂದರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಿದ ಹಾಗೆ.

ಎತ್ತರದ ಲೆಕ್ಕಕ್ಕೆ ಟೇಪ್ ಸಾಕು. ನೀರಿನ 10 ಮೀಟರ್ ಎತ್ತರ ಹೆಚ್ಚುಕಡಿಮೆ 1 ಬಾರ್ ಒತ್ತಡ. ಟ್ಯಾಂಕ್ 3 ಅಡಿಯ ಸ್ಟ್ಯಾಂಡ್ ಮೇಲಿದೆ, ಶವರ್ ನೆಲದಿಂದ 7 ಅಡಿಯಲ್ಲಿದೆ, ಛಾವಣಿ 10 ಅಡಿ ಎತ್ತರದಲ್ಲಿದೆ ಎಂದುಕೊಳ್ಳಿ. ಟ್ಯಾಂಕಿನ ತಳಕ್ಕೂ ಶವರಿಗೂ ಸ್ಲ್ಯಾಬ್ ಸೇರಿಸಿ ಆರೂವರೆ ಅಡಿ ಅಂತರ, ಅಂದರೆ 2 ಮೀಟರ್, 0.2 ಬಾರ್. ಎರಡು ಮಹಡಿ ಕೆಳಗೆ ಅದೇ ನೀರಿಗೆ 8 ಮೀಟರ್ ಎತ್ತರ ಸಿಗುತ್ತದೆ, 0.8 ಬಾರ್. ನಾಲ್ಕು ಪಟ್ಟು. ಓನರ್ ಮನೆಯ ಶವರಿನ ಗೋಳಿಗೆ ಕಾರಣ ಇಷ್ಟೇ.

ಹರಿವಿನ ಲೆಕ್ಕಕ್ಕೆ 10 ಲೀಟರಿನ ಬಕೆಟ್ ಮತ್ತು ಫೋನಿನ ಗಡಿಯಾರ. 60 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 10 ಲೀಟರ್, ಸಾಧಾರಣ ಶವರಿಗೆ ಅದು ಚೆನ್ನಾಗಿಯೇ ಆಯಿತು. ಎರಡು ನಿಮಿಷ ಹಿಡಿದರೆ ಏನೋ ಸರಿಯಿಲ್ಲ. ಕಾಯಿಲೆ ಯಾವುದೆಂದು ಗೊತ್ತಾಗಲು ಹೆಲ್ತ್ ಫಾಸೆಟ್ಟಿನ (ಕಮೋಡಿನ ಪಕ್ಕದ ಕೈ ಶವರಿನ) ಹೋಸ್ ಬಿಚ್ಚಿ, ಗೋಡೆಯಲ್ಲಿರುವ ಅದರ ಪುಟ್ಟ ನಲ್ಲಿಗೆ, ಅಂದರೆ ಆಂಗಲ್ ಕಾಕಿಗೆ, ಅರ್ಧ ಇಂಚಿನ ಪ್ರೆಶರ್ ಗೇಜ್ ಹಾಕಿ. ಅಂಗಡಿಯಲ್ಲಿ 0–10 ಬಾರಿನ ಗೇಜ್ ಕೊಡುತ್ತಾರೆ, ಅದರಲ್ಲಿ 0.2 ಬಾರ್ ಕಾಣುವುದೇ ಇಲ್ಲ. ಸಿಗುವುದರಲ್ಲಿ ಚಿಕ್ಕದನ್ನು ಕೇಳಿ, 0–2.5 ಆದರೂ ಇರಲಿ. ಎಲ್ಲ ನಲ್ಲಿ ಮುಚ್ಚಿದಾಗ ಒಮ್ಮೆ ಓದಿ, ಪಕ್ಕದ ನಲ್ಲಿ ಪೂರ್ತಿ ತಿರುಗಿಸಿ ಇನ್ನೊಮ್ಮೆ ಓದಿ. ಮುಚ್ಚಿದಾಗಲೇ 0.3–0.4 ಅಷ್ಟೇ ಇದ್ದರೆ (ಈ ಕಾಕು ಶವರಿಗಿಂತ ಕೆಳಗಿರುವುದರಿಂದ 0.2ಕ್ಕಿಂತ ತುಸು ಹೆಚ್ಚು ತೋರುತ್ತದೆ) ಎತ್ತರದ ಕೊರತೆ, ಪಂಪಿನ ವಿಚಾರ ಮಾಡಬಹುದು. ಮುಚ್ಚಿದಾಗ 0.7 ಇದ್ದು, ತೆರೆದ ಕೂಡಲೇ 0.2ಕ್ಕೆ ಕುಸಿದರೆ ದಾರಿಯಲ್ಲಿ ಎಲ್ಲೋ ಕಟ್ಟಿದೆ. ಪಂಪಿನ ದುಡ್ಡು ಜೇಬಿನಲ್ಲೇ ಇರಲಿ.

ಅದು ಎಲ್ಲಿ ಕಟ್ಟಿರುತ್ತದೆ? ಸುಲಭದ್ದರಿಂದ ಹೊರಡಿ. ನಲ್ಲಿಯ ಮೂತಿಯ ಏರೇಟರ್ (ಗಾಳಿ ಬೆರೆಸಿ ನೀರು ಉಳಿಸುವ ಜಾಲರಿ), ಶವರಿನ ತೂತುಗಳು, ಬಿಸಿನೀರು ತಣ್ಣೀರು ಬೆರೆಸುವ ಡೈವರ್ಟರಿನ ಒಳಗಿನ ಜಾಲರಿ. ಬೋರ್ ನೀರು, ಟ್ಯಾಂಕರ್ ನೀರು ಬಳಸುವ ಮನೆಯಲ್ಲಿ ಇಲ್ಲೆಲ್ಲ ಬಿಳಿ ಸುಣ್ಣ ಕಟ್ಟಿರುತ್ತದೆ. ಒಂದು ಲೋಟ ಬಿಸಿನೀರಿಗೆ ಎರಡು ಚಮಚ ನಿಂಬೆ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಬಿಡುತ್ತದೆ. ರಾತ್ರಿಯಿಡೀ ಬಿಟ್ಟರೆ ಮೇಲಿನ ಕ್ರೋಮ್ ಹೊಳಪೂ ಹೋಗುತ್ತದೆ. ಏರೇಟರ್ ಕಿತ್ತು ಬಿಸಾಡುವುದು ಬೇಡ. 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರವಾದಾಗ ಜಲಮಂಡಳಿ ಅಪಾರ್ಟ್‌ಮೆಂಟ್, ಹೋಟೆಲ್, ಅಂಗಡಿ ಮುಂಗಟ್ಟುಗಳಿಗೆ ಅದನ್ನು ಕಡ್ಡಾಯ ಮಾಡಿದ್ದು ಸುಮ್ಮನಲ್ಲ.

ಆಮೇಲೆ ಟೆರೇಸಿಗೆ ಹತ್ತಿ. ಟ್ಯಾಂಕಿನ ಔಟ್‌ಲೆಟ್ಟಿನಲ್ಲಿ ಹಳೆಯ ಗೇಟ್ ವಾಲ್ವ್ ಇದ್ದರೆ ಮೊದಲ ಅನುಮಾನ ಅದರ ಮೇಲೆ. ಅದರ ಒಳಗಿನ ಹಿತ್ತಾಳೆ ತಟ್ಟೆ ಕಡ್ಡಿಯಿಂದ ಕಳಚಿ ಅರ್ಧಕ್ಕೆ ಬಿದ್ದಿರುತ್ತದೆ. ಮೇಲಿನ ಚಕ್ರ ಸರಾಗವಾಗಿ ತಿರುಗುತ್ತದೆ, ತೆರೆದಿದೆ ಅನ್ನಿಸುತ್ತದೆ, ಒಳಗೆ ಬಾಗಿಲು ಮುಚ್ಚಿಯೇ ಇರುತ್ತದೆ. ಅದನ್ನು ತೆಗೆದು ಫುಲ್ ಬೋರ್ (ಒಳದಾರಿ ಕಿರಿದಾಗದ) ಬಾಲ್ ವಾಲ್ವ್ ಹಾಕಿಸಿ.

ಪೈಪಿನ ಅಳತೆಯನ್ನು ಮಾತ್ರ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅರ್ಧ ಇಂಚಿನ ಸಿಪಿವಿಸಿ (ಪ್ಲಾಸ್ಟಿಕ್) ಪೈಪಿನ ಒಳವ್ಯಾಸ 12 ಮಿ.ಮೀ. ಚಿಲ್ಲರೆ, ಮುಕ್ಕಾಲು ಇಂಚಿನದು 18. ನಿಮಿಷಕ್ಕೆ 12 ಲೀಟರ್ ಹರಿಯುವಾಗ 10 ಮೀಟರ್ ಉದ್ದದ ಅರ್ಧ ಇಂಚಿನ ಪೈಪ್ ನುಂಗುವ ಎತ್ತರ, ಅಂದರೆ ಒತ್ತಡ, ಸುಮಾರು 2.7 ಮೀಟರ್. ಮುಕ್ಕಾಲು ಇಂಚಿನಲ್ಲಿ ಅದೇ ನಷ್ಟ ಅರ್ಧ ಮೀಟರೂ ಇಲ್ಲ. ಮೇಲ್ಮಹಡಿಯಲ್ಲಿ ಇರುವುದೇ 2 ಮೀಟರ್ ಎತ್ತರ. ಅರ್ಧ ಇಂಚಿನಲ್ಲಿ ಡೌನ್‌ಲೈನ್ (ಟೆರೇಸಿನಿಂದ ಮನೆಗೆ ಇಳಿಯುವ ಪೈಪ್) ಇಳಿಸಿದ ಮನೆಯಲ್ಲಿ ನೀರು ಶವರ್ ಮುಟ್ಟುವ ಮೊದಲೇ ಆ ಎತ್ತರವೆಲ್ಲ ಕರಗಿಹೋಗಿರುತ್ತದೆ. ಟ್ಯಾಂಕಿನಿಂದ ಒಂದೂಕಾಲು ಇಂಚು, ಡೌನ್‌ಲೈನ್ ಒಂದು ಇಂಚು, ಬಾತ್‌ರೂಮಿನವರೆಗೆ ಮುಕ್ಕಾಲು, ನಲ್ಲಿಯ ಬುಡದಲ್ಲಿ ಮಾತ್ರ ಅರ್ಧ ಎಂಬ ಕ್ರಮವಿದ್ದರೆ ಪಂಪಿಲ್ಲದೆಯೇ ಎಷ್ಟೋ ಮನೆ ಸರಿಹೋಗುತ್ತದೆ. 1970–80ರ ದಶಕದಲ್ಲಿ ಕಟ್ಟಿದ ಮನೆಗಳ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಒಳಗೆ ತುಕ್ಕು ಹಿಡಿದು ಪೆನ್ಸಿಲ್ ಗಾತ್ರದ ದಾರಿ ಉಳಿದಿರುತ್ತದೆ. ಅಂಥದ್ದಕ್ಕೆ ಪಂಪ್ ಹಾಕುವುದು ಅಪಾಯವೂ ಹೌದು. ತುಕ್ಕೇ ತಡೆದು ಹಿಡಿದಿದ್ದ ಜಾಯಿಂಟು ಒತ್ತಡಕ್ಕೆ ಬಿಟ್ಟುಕೊಂಡು ಗೋಡೆ ತೇವವಾಗುತ್ತದೆ.

ಅಂದ ಹಾಗೆ, ಬೀದಿಯಲ್ಲಿ ಕಾವೇರಿ ನೀರು ಜೋರಾಗಿ ಬರುತ್ತಿದೆಯೋ ಇಲ್ಲವೋ ಎನ್ನುವುದಕ್ಕೂ ನಿಮ್ಮ ಶವರಿಗೂ ಸಂಬಂಧವಿಲ್ಲ. ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರದಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರ ಏರಿ ಬಂದ ನೀರಿನ ಒತ್ತಡವೆಲ್ಲ ಸಂಪಿಗೆ ಬಿದ್ದಲ್ಲಿಗೆ ಮುಗಿಯಿತು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಯೋಜನೆಯ ಐದನೇ ಹಂತದಿಂದ ಸಂಪು ತುಂಬಬಹುದು, ಶವರಿನ ಫೋರ್ಸ್ ಏರದು. ಇದೇ ಪಂಪನ್ನು ಮಂಡಳಿಯ ಲೈನಿಗೆ ನೇರ ಜೋಡಿಸಿ ನೀರು ಎಳೆಯುವುದು ಕಾನೂನುಬಾಹಿರ, ಮೋಟಾರನ್ನು ಜಪ್ತಿ ಮಾಡುತ್ತಾರೆ. ಅದಕ್ಕಿಂತ ಹೆಚ್ಚಿನ ಅಪಾಯ, ಒಡಕು ಜಾಯಿಂಟುಗಳ ಮೂಲಕ ಚರಂಡಿ ನೀರನ್ನೂ ಅದು ಒಳಗೆ ಎಳೆದುಕೊಳ್ಳುತ್ತದೆ.

ಮೂರು ಜಾತಿ

ಮೊದಲನೆಯದು ಸಣ್ಣ ಇನ್‌ಲೈನ್ ಪಂಪ್. ತೆಂಗಿನಕಾಯಿಗಿಂತ ತುಸು ದೊಡ್ಡದು, ಪೈಪಿನ ನಡುವೆಯೇ ಕೂರುತ್ತದೆ. ಇದರಲ್ಲಿ ರೋಟರ್ ನೀರಿನಲ್ಲೇ ಮುಳುಗಿ ತಿರುಗುವುದರಿಂದ ಸೀಲ್ ಇಲ್ಲ, ಫ್ಯಾನ್ ಇಲ್ಲ, ಸದ್ದು ಫ್ರಿಜ್ಜಿನಷ್ಟೇ. ನೀರು ಹರಿಯತೊಡಗಿದಾಗ ಒಳಗಿನ ಚಿಕ್ಕ ರೆಕ್ಕೆ ಅಲುಗಿ, ಅದರ ಅಯಸ್ಕಾಂತ ಸ್ವಿಚ್ಚನ್ನು ಎಳೆದು ಮೋಟಾರ್ ಹೊತ್ತಿಸುತ್ತದೆ. ನಲ್ಲಿ ಮುಚ್ಚಿದರೆ ತಾನೇ ನಿಲ್ಲುತ್ತದೆ. ಟ್ಯಾಂಕ್ ಖಾಲಿಯಾದರೂ ಹರಿವಿಲ್ಲದೆ ನಿಲ್ಲುತ್ತದೆ, ಬೇರೆ ರಕ್ಷಣೆ ಬೇಕಿಲ್ಲ. 120 ವಾಟಿನದು ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 3.6 ಯೂನಿಟ್. ಬೆಲೆ ಅಂದಾಜು ಐದರಿಂದ ಹನ್ನೆರಡು ಸಾವಿರ.

ಇದರ ಪ್ಲೇಟನ್ನು ಓದುವಾಗ ಹುಷಾರು. ಗರಿಷ್ಠ ಎತ್ತರ 9 ಮೀಟರ್, ಗರಿಷ್ಠ ಹರಿವು ನಿಮಿಷಕ್ಕೆ 25 ಲೀಟರ್ ಎಂದು ಬರೆದಿದ್ದರೆ ಎರಡೂ ಒಟ್ಟಿಗೆ ಸಿಗುತ್ತವೆ ಎಂದಲ್ಲ. 9 ಮೀಟರ್ ಎನ್ನುವುದು ನೀರು ಹರಿಯದಿದ್ದಾಗ, 25 ಲೀಟರ್ ಎನ್ನುವುದು ಎದುರು ಒತ್ತಡವೇ ಇಲ್ಲದಾಗ. ಶವರಿಗೆ 10–12 ಲೀಟರ್ ಹೋಗುವಾಗ ಸಿಗುವುದು 6 ಮೀಟರ್ ಆಸುಪಾಸು. ಮೊದಲಿದ್ದ 2 ಮೀಟರ್ ಸೇರಿದರೆ 0.8 ಬಾರ್. ಶವರಿಗೆ, ಮುಂದೆ ಬಾಗಿಲಿನ ವಾಷಿಂಗ್ ಮೆಷೀನಿಗೆ ಇಷ್ಟು ಸಾಕು. ಹತ್ತು ಇಂಚಿನ ರೇನ್ ಶವರಿನ ಜೊತೆಗೆ ಗೋಡೆಯಿಂದ ಚಿಮ್ಮುವ ಜೆಟ್ಟುಗಳೂ ಬೇಕು ಎಂದರೆ ಸಾಲದು.

ದೌರ್ಬಲ್ಯ ಎರಡು. ರೆಕ್ಕೆ ಅಲುಗಲು ನಿಮಿಷಕ್ಕೆ ಒಂದೂವರೆ–ಎರಡು ಲೀಟರ್ ಆದರೂ ಹರಿಯಬೇಕು. ಶವರ್ ಹೆಡ್ ಬಹಳ ಮೇಲಿದ್ದು ನೀರು ಬರೀ ತೊಟ್ಟಿಕ್ಕುತ್ತಿದ್ದರೆ ಪಂಪ್ ಹೊತ್ತಿಕೊಳ್ಳುವುದೇ ಇಲ್ಲ, ಕೆಳಗಿನ ನಲ್ಲಿ ಒಮ್ಮೆ ತಿರುಗಿಸಿ ಅದನ್ನು ಎಬ್ಬಿಸಬೇಕಾಗುತ್ತದೆ. ಎರಡನೆಯದು, ಜಿಐ ಪೈಪಿನ ತುಕ್ಕಿನ ಪುಡಿ ಆ ಅಯಸ್ಕಾಂತಕ್ಕೆ ಮೆತ್ತಿಕೊಂಡು ರೆಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ನಲ್ಲಿ ಮುಚ್ಚಿದರೂ ಪಂಪ್ ನಿಲ್ಲದು.

ಎರಡನೇ ಜಾತಿ ಅರ್ಧ ಎಚ್‌ಪಿ ಮಾನೋಬ್ಲಾಕಿಗೆ ಪ್ರೆಶರ್ ಸ್ವಿಚ್ ಮತ್ತು ಒಂದೆರಡು ಲೀಟರಿನ ಪುಟ್ಟ ಟ್ಯಾಂಕ್ ಸೇರಿಸಿದ್ದು. ಸ್ವಿಚ್ ಸಾಮಾನ್ಯವಾಗಿ 1.4 ಬಾರಿಗೆ ಹೊತ್ತಿ 2.8 ಬಾರಿಗೆ ಆರುವಂತೆ ಕಂಪನಿಯಿಂದಲೇ ಹೊಂದಿಸಿ ಬರುತ್ತದೆ. ಫೋರ್ಸಿಗೇನೂ ಕೊರತೆಯಿಲ್ಲ. ಕಾಟ ಬೇರೆಯದು. ಕಮೋಡಿನ ಫ್ಲಶ್ ಟ್ಯಾಂಕಿನಲ್ಲಿ ಕೂದಲೆಳೆಯಷ್ಟು ಸೋರಿಕೆ ಇದ್ದರೂ ಒತ್ತಡ ಇಳಿಯುತ್ತದೆ, ಪಂಪ್ ಹೊತ್ತುತ್ತದೆ, ಎರಡು ಸೆಕೆಂಡಿಗೆ ಆರುತ್ತದೆ. ರಾತ್ರಿಯಿಡೀ ಟಕ್, ಗುಂಯ್, ಟಕ್. ಸ್ವಿಚ್ಚಿನ ಕಾಂಟ್ಯಾಕ್ಟ್ ಸುಟ್ಟು, ಕೆಪಾಸಿಟರ್ ಹೋಗಿ, ಮಲಗುವ ಕೋಣೆ ಕೆಳಗಿದ್ದರೆ ನಿದ್ದೆಯೂ ಹೋಗುತ್ತದೆ. ಟ್ಯಾಂಕ್ ಖಾಲಿಯಾದರೆ ಇದು ನಿಲ್ಲುವುದಿಲ್ಲ, ಒತ್ತಡ ಏರಲೆಂದು ಕಾಯುತ್ತ ಒಣಗಿ ಓಡಿ ಸೀಲ್ ಸುಟ್ಟುಕೊಳ್ಳುತ್ತದೆ.

ಇದೇ ಬೇಕೆಂದಿದ್ದರೆ 24 ಲೀಟರಿನ ಪ್ರೆಶರ್ ಟ್ಯಾಂಕ್ ಜೊತೆಗೆ ತೆಗೆದುಕೊಳ್ಳಿ. 1.4–2.8ರ ನಡುವೆ ಅದು ಪಂಪ್ ಹೊತ್ತಿಸದೆ ಸುಮಾರು 8 ಲೀಟರ್ ಕೊಡುತ್ತದೆ, ಸಣ್ಣ ಸೋರಿಕೆಗೆ ಪಂಪ್ ಆಗಾಗ ಏಳುವುದಿಲ್ಲ. ಒಳಗಿನ ರಬ್ಬರ್ ಚೀಲದ ಗಾಳಿಯ ಒತ್ತಡ, ಪಂಪ್ ಹೊತ್ತುವ ಒತ್ತಡಕ್ಕಿಂತ 0.2 ಬಾರ್ ಕಡಿಮೆ ಇರಬೇಕು, ಅಂದರೆ 1.2. ನೀರೆಲ್ಲ ಖಾಲಿ ಮಾಡಿ, ಬೈಕಿನ ಟೈರ್ ಗೇಜಿನಲ್ಲೇ ಅಳೆಯಬಹುದು. ವರ್ಷಕ್ಕೆರಡು ಸಲ ನೋಡದಿದ್ದರೆ ಗಾಳಿ ಇಳಿದು ಮತ್ತೆ ಅದೇ ಟಕ್ ಟಕ್.

ಮೂರನೆಯದು ಮಲ್ಟಿಸ್ಟೇಜ್ ಪಂಪಿಗೆ (ಹಲವು ಚಕ್ರಗಳು ಸಾಲಾಗಿ ಒತ್ತಡ ಏರಿಸುವಂಥದ್ದು) ವಿಎಫ್‌ಡಿ, ಅಂದರೆ ಮೋಟಾರಿನ ವೇಗ ಏರಿಳಿಸುವ ಎಲೆಕ್ಟ್ರಾನಿಕ್ ಸಾಧನ, ಕೂರಿಸಿದ್ದು. ಒಂದು ನಲ್ಲಿ ತೆರೆದರೆ ಮೆಲ್ಲಗೆ, ನಾಲ್ಕು ತೆರೆದರೆ ಜೋರಾಗಿ ತಿರುಗಿ ಒತ್ತಡವನ್ನು ಒಂದೇ ಮಟ್ಟದಲ್ಲಿ ಹಿಡಿಯುತ್ತದೆ. ಒಬ್ಬರು ಸ್ನಾನ ಮಾಡುವಾಗ ಇನ್ನೊಬ್ಬರು ಫ್ಲಶ್ ಮಾಡಿದರೆ ಶವರ್ ಸೊರಗುವುದಿಲ್ಲ. ಇಪ್ಪತ್ತೈದು ಸಾವಿರದಿಂದ ಮೇಲೆ. ಇದರ ಎಲೆಕ್ಟ್ರಾನಿಕ್ ಬೋರ್ಡಿಗೆ ಕರೆಂಟಿನ ಏರಿಳಿತ ಆಗದು. ಸರಿಯಾದ ಅರ್ಥಿಂಗ್, ಸರ್ಜ್ ಪ್ರೊಟೆಕ್ಟರ್ ಇಲ್ಲದ ಮನೆಗೆ ಶಿಫಾರಸು ಮಾಡಲಾಗದು.

ಪಂಪ್ ಕೆಡುವುದು ಕೂರಿಸುವಾಗಲೇ

ಇನ್‌ಲೈನ್ ಪಂಪುಗಳ ಬಗ್ಗೆ ಬರುವ ದೂರುಗಳಲ್ಲಿ ಬಹುಪಾಲು ಪಂಪಿನ ತಪ್ಪಲ್ಲ, ಜೋಡಣೆಯದು. ಮೊದಲನೆಯದು ಮೋಟಾರಿನ ದಿಕ್ಕು. ಪೈಪ್ ನೆಟ್ಟಗಿರಲಿ, ಅಡ್ಡವಿರಲಿ, ಪಂಪಿನ ಶಾಫ್ಟ್ ನೆಲಕ್ಕೆ ಸಮವಾಗಿ ಮಲಗಿರಬೇಕು. ಜಾಗ ಸಾಲದೆಂದು ಮೋಟಾರ್ ಮೇಲ್ಮುಖವಾಗಿ ಕೂರಿಸಿದರೆ ತುದಿಯಲ್ಲಿ ಗಾಳಿ ನಿಂತು ಬೇರಿಂಗ್ ನೀರಿಲ್ಲದೆ ಸವೆಯುತ್ತದೆ, ಕೆಲವೇ ತಿಂಗಳಿಗೆ ಕರಕರ ಸದ್ದು ಶುರು. ವೈರ್ ಒಳಹೋಗುವ ಡಬ್ಬಿಯ ಬಾಯಿ ಮೇಲ್ಮುಖವಾಗಿರಬಾರದು, ಮಳೆನೀರು ವೈರಿನಗುಂಟ ಒಳಗಿಳಿಯುತ್ತದೆ. ಮೇಲೊಂದು ಮುಚ್ಚಿಗೆ ಬೇಕು, ಆದರೆ ಗಾಳಿಯಾಡಬೇಕು. ಕರೆಂಟ್ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್) ಇಲ್ಲದೆ ಚಾಲೂ ಮಾಡಲೇಬೇಡಿ. ಇದು ಸ್ನಾನದ ನೀರಿಗೆ ಜೋಡಿಸಿದ ಮೋಟಾರ್.

ಪಂಪ್ ಟ್ಯಾಂಕಿನ ತಳಕ್ಕಿಂತ ಕೆಳಗಿರಬೇಕು, ಟ್ಯಾಂಕಿನಿಂದ ಅಲ್ಲಿಯವರೆಗಿನ ಪೈಪ್ ಒಂದು ಇಂಚಿಗಿಂತ ಸಣ್ಣದಾಗಬಾರದು. ಟ್ಯಾಂಕಿನ ಕಡೆಯಿಂದ ಕ್ರಮ ಹೀಗೆ: ಬಾಲ್ ವಾಲ್ವ್, ವೈ-ಸ್ಟ್ರೈನರ್ (ಕಸ ತಡೆಯುವ ಜಾಲರಿ), ಯೂನಿಯನ್ (ಬಿಚ್ಚಬಹುದಾದ ಜೋಡಣೆ), ಪಂಪ್, ಯೂನಿಯನ್, ಎನ್‌ಆರ್‌ವಿ (ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್), ಬಾಲ್ ವಾಲ್ವ್. ಯೂನಿಯನ್ ಎರಡೂ ಕಡೆ ಇರಲೇಬೇಕು, ಇಲ್ಲದಿದ್ದರೆ ಮುಂದೊಮ್ಮೆ ಪಂಪ್ ಬಿಚ್ಚಲು ಪೈಪ್ ಕತ್ತರಿಸಬೇಕಾಗುತ್ತದೆ. ಇದಕ್ಕೆ ಸಮಾನಾಂತರವಾಗಿ ಒಂದು ಬೈಪಾಸ್, ಅದರಲ್ಲಿ ಇನ್ನೊಂದು ಎನ್‌ಆರ್‌ವಿ. ಕರೆಂಟ್ ಹೋದಾಗ ನೀರು ಬೈಪಾಸಿನಲ್ಲಿ ಮೊದಲಿನಂತೆಯೇ ಇಳಿಯುತ್ತದೆ. ಬೈಪಾಸಿನ ಎನ್‌ಆರ್‌ವಿಯ 300–400 ರೂಪಾಯಿ ಉಳಿಸಲು ಹೋದರೆ, ಪಂಪ್ ತಳ್ಳಿದ ನೀರು ಬೈಪಾಸಿನಿಂದ ಹಿಂದಕ್ಕೆ ಬಂದು ಮತ್ತೆ ಪಂಪಿಗೇ ಹೋಗುತ್ತದೆ. ಗಾಣದೆತ್ತಿನ ಹಾಗೆ ಅಲ್ಲಲ್ಲೇ ಸುತ್ತು, ಶವರಿಗೆ ಏನೂ ಇಲ್ಲ.

ಇನ್ನೊಂದು ಏರ್ ಪೈಪಿನದು. ಗಾಳಿ ಕಟ್ಟಿಕೊಳ್ಳದಿರಲೆಂದು ನಮ್ಮ ಟೆರೇಸುಗಳಲ್ಲಿ ಡೌನ್‌ಲೈನಿಗೆ ಒಂದು ಪೈಪನ್ನು ಟ್ಯಾಂಕಿಗಿಂತ ಎತ್ತರಕ್ಕೆ ನಿಲ್ಲಿಸಿ ಬಾಯಿ ತೆರೆದಿಟ್ಟಿರುತ್ತಾರೆ. ಒಳ್ಳೆಯ ಅಭ್ಯಾಸವೇ. ಆದರೆ ಟ್ಯಾಂಕಿಗೂ ಆ ಪೈಪಿಗೂ ನಡುವೆ ಪಂಪ್ ಕೂರಿಸಿದರೆ ನೀರು ಬಾತ್‌ರೂಮಿಗೆ ಇಳಿಯುವ ಬದಲು ಕಾರಂಜಿಯಾಗಿ ಟೆರೇಸಿಗೆ ಚಿಮ್ಮುತ್ತದೆ. ಏರ್ ಪೈಪ್ ಪಂಪಿಗಿಂತ ಮೊದಲು, ಟ್ಯಾಂಕಿನ ಕಡೆಗೆ ಇರಬೇಕು. ಪಂಪಿನಾಚೆ ಇರುವುದನ್ನು ಮುಚ್ಚಿಬಿಡಿ. ಕೆಳಮನೆಗೂ ಇದೇ ಡೌನ್‌ಲೈನ್ ಆಗಿದ್ದರೆ ಅವರ ಲೈನನ್ನು ಪಂಪಿಗೆ ಮೊದಲೇ ಕವಲೊಡೆಸಿ. ಅವರಿಗೆ ಬೇಡದ ಫೋರ್ಸಿಗೆ ನೀವೇಕೆ ಕರೆಂಟ್ ಸುಡಬೇಕು?

ಸೋಲಾರ್ ಇರುವ ಮನೆ

ಬೆಂಗಳೂರಿನಲ್ಲಿ ಪಂಪ್ ಕೊಳ್ಳುವವರು ಅಂಗಡಿಯಲ್ಲಿ ಹೇಳಲು ಮರೆಯುವುದು ಇದನ್ನೇ. ಗಾಜಿನ ಕೊಳವೆಯ ಸಾಮಾನ್ಯ ಸೋಲಾರ್ ಟ್ಯಾಂಕ್ ಒತ್ತಡ ತಡೆಯುವುದಲ್ಲ, ಅದರ ನೆತ್ತಿಯಲ್ಲಿ ತೆರೆದ ಏರ್ ಪೈಪ್ ಇರುತ್ತದೆ. ಸೋಲಾರಿಗೆ ತಣ್ಣೀರು ಹೋಗುವ ಲೈನೂ ಸೇರಿ ಪಂಪ್ ಹಾಕಿದರೆ ಆ ಪೈಪಿನಿಂದ ನೀರು ಉಕ್ಕುತ್ತದೆ, ಪೈಪ್ ಮುಚ್ಚಿದರೆ ಟ್ಯಾಂಕೇ ಬಿರಿಯಬಹುದು. ಸೋಲಾರ್ ಬಿಟ್ಟು ತಣ್ಣೀರಿಗೆ ಮಾತ್ರ ಹಾಕಿದರೆ? ಡೈವರ್ಟರಿನಲ್ಲಿ ತಣ್ಣೀರು 0.8 ಬಾರಿನಿಂದ, ಬಿಸಿನೀರು 0.2 ಬಾರಿನಿಂದ ಎದುರುಬದುರಾಗುತ್ತವೆ. ತಣ್ಣೀರು ಗೆದ್ದು ಬಿಸಿನೀರಿನ ಪೈಪಿನೊಳಗೆ ಹಿಂದಕ್ಕೆ ನುಗ್ಗಿ ಸೋಲಾರ್ ಟ್ಯಾಂಕ್ ಸೇರುತ್ತದೆ. ಕೆಳಗೆ ಸ್ನಾನ ನಡೆಯುತ್ತಿರುವಾಗ ಮೇಲೆ ಸೋಲಾರಿನಿಂದ ನೀರು ಸುರಿಯುತ್ತಿದ್ದರೆ ಕಾರಣ ಇದೇ. ಬಿಸಿನೀರಿನ ಲೈನಿಗೆ ಎನ್‌ಆರ್‌ವಿ ಹಾಕಿದರೆ ಹಿಮ್ಮುಖ ಹರಿವು ನಿಲ್ಲುತ್ತದೆ, ಆದರೆ ಬಿಸಿನೀರು ಬರುವುದಿಲ್ಲ.

ಸರಿಯಾದ ದಾರಿ ಎರಡು ಪಂಪ್: ತಣ್ಣೀರಿಗೊಂದು, ಸೋಲಾರಿನ ಬಿಸಿನೀರು ಹೊರಬರುವಲ್ಲಿ ಇನ್ನೊಂದು. ಎರಡನೆಯದರ ಪ್ಲೇಟಿನಲ್ಲಿ ನೀರಿನ ಗರಿಷ್ಠ ತಾಪಮಾನ ನೋಡಿಯೇ ಕೊಳ್ಳಿ. ಬೇಸಿಗೆಯ ಮಧ್ಯಾಹ್ನ ಸೋಲಾರ್ ನೀರು 80 ಡಿಗ್ರಿ ಮುಟ್ಟಬಲ್ಲದು, 60 ಡಿಗ್ರಿಗೆಂದು ಮಾಡಿದ ಪಂಪ್ ಬಾಳುವುದಿಲ್ಲ. ಖರ್ಚು ಇಮ್ಮಡಿ, ನಿಜ. ಅದು ಆಗದೆಂದರೆ ಪಂಪಿನ ಆಸೆ ಬಿಟ್ಟು ಎರಡೂ ಟ್ಯಾಂಕುಗಳನ್ನು ಎತ್ತರಿಸುವುದೇ ಲೇಸು. ಒಂದು ಮೀಟರ್ ಎತ್ತರಿಸಿದರೆ ಸಿಗುವುದು 0.1 ಬಾರ್ ಅಷ್ಟೇ, ಆದರೆ 0.2 ಇದ್ದ ಮನೆಗೆ ಅದು ಒಂದೂವರೆ ಪಟ್ಟು. ತುಂಬಿದ ಸಾವಿರ ಲೀಟರಿನ ಟ್ಯಾಂಕ್ ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆ, ಸ್ಟ್ಯಾಂಡಿನ ಕಾಲುಗಳು ಬೀಮ್ ಅಥವಾ ಪಿಲ್ಲರಿನ ಮೇಲೆ ಬರಬೇಕು, ಬರೀ ಸ್ಲ್ಯಾಬಿನ ಮೇಲಲ್ಲ.

ಗೀಸರ್ ಇರುವ ಮನೆಗೆ ಇಷ್ಟು ಪಜೀತಿ ಇಲ್ಲ. ಸ್ಟೋರೇಜ್ ಗೀಸರಿನ ಮೇಲೆ 8 ಬಾರ್ ಎಂದಿದ್ದರೆ ಮೂರೂ ಜಾತಿಯ ಪಂಪುಗಳನ್ನು ಅದು ತಾಳಿಕೊಳ್ಳುತ್ತದೆ.

ನಿರ್ವಹಣೆಯಲ್ಲಿ ಹೆಚ್ಚೇನಿಲ್ಲ. ಮೂರು ತಿಂಗಳಿಗೊಮ್ಮೆ ಸ್ಟ್ರೈನರಿನ ಜಾಲರಿ ತೊಳೆಯಿರಿ, ಟ್ಯಾಂಕ್ ತೊಳೆಸಿದ ದಿನ ತಪ್ಪದೆ. ಬೋರ್ ನೀರಿನ ಮನೆಯನ್ನು ಒಂದೆರಡು ತಿಂಗಳು ಬೀಗ ಹಾಕಿ ಹೋಗಿ ಬಂದರೆ ಇನ್‌ಲೈನ್ ಪಂಪ್ ಗುಂಯ್‌ಗುಡುತ್ತದೆಯೇ ಹೊರತು ತಿರುಗುವುದಿಲ್ಲ. ಸುಟ್ಟಿಲ್ಲ, ಸುಣ್ಣ ಕಟ್ಟಿ ರೋಟರ್ ಹಿಡಿದುಕೊಂಡಿದೆ. ಮೇನ್ ಆರಿಸಿ, ಎರಡೂ ಕಡೆಯ ವಾಲ್ವ್ ಮುಚ್ಚಿ, ಮೋಟಾರಿನ ನಡುಮಧ್ಯದ ದಪ್ಪ ಸ್ಕ್ರೂವನ್ನು ಬಿಚ್ಚಿ. ಒಳಗೆ ಶಾಫ್ಟಿನ ತುದಿಯಲ್ಲಿ ಗೀರು ಕಾಣುತ್ತದೆ. ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಆಚೆಗೂ ಈಚೆಗೂ ಮೆಲ್ಲಗೆ ಆಡಿಸಿದರೆ ಕಟಕ್ಕೆಂದು ಬಿಡುತ್ತದೆ. ಟ್ಯಾಂಕಿನ ಕಡೆಯ ವಾಲ್ವ್ ತುಸು ತೆರೆದು, ಆ ತೂತಿನಿಂದ ಗಾಳಿ ಹೋಗಿ ನಾಲ್ಕು ಹನಿ ನೀರು ಬಂದ ಮೇಲೆ ಸ್ಕ್ರೂ ಬಿಗಿದು, ಒದ್ದೆಯೆಲ್ಲ ಒರೆಸಿ, ಆಮೇಲೆ ಮೇನ್ ಹಾಕಿ.